ಫ್ರಾಯ್ಡನ ಕೊನೆಯ ಕಿರಣಚಿಕಿತ್ಸೆ: ಚರಿತ್ರಕಾರರ ಸಾಕ್ಷ್ಯ

ಸಿಗ್ಮಂಡ್ ಫ್ರಾಯ್ಡನು ಹದಿನಾರು ವರ್ಷಗಳ ಕಾಲ ಬಾಯಿಯ ಕ್ಯಾನ್ಸರಿನಿಂದ ನರಳಿ ೧೯೩೯ನೆಯ ಸೆಪ್ಟೆಂಬರ್ ೨೩ರಂದು ಲಂಡನ್ನಿನಲ್ಲಿ ತೀರಿಕೊಂಡನೆಂಬುದು ಸರ್ವವಿದಿತವಾದ ಸಂಗತಿ. ಈ ವ್ಯಾಧಿಯ ವೃತ್ತಾಂತಕ್ಕೆ ಮುಖ್ಯವಾಗಿ ಎರಡು ಆಧಾರಗಳುಂಟು. ಮೊದಲನೆಯದು ಅರ್ನೆಸ್ಟ್ ಜೋನ್ಸನು ಬರೆದ ಬೃಹಚ್ಚರಿತ್ರೆಯ ಮೂರನೆಯ ಸಂಪುಟ (೧೯೫೭). ಎರಡನೆಯದು ಫ್ರಾಯ್ಡನ ವೈದ್ಯನಾಗಿದ್ದ ಮಾಕ್ಸ್ ಷೂರನ ಗ್ರಂಥ. ಕರ್ತೃವು ಗತಿಸಿದ ಮೇಲೆ ೧೯೭೨ರಲ್ಲಿ ಪ್ರಕಟವಾದುದು. ಎರಡೂ ಪರಿಶ್ರಮದಿಂದ ರಚಿತವಾದುವು. ಅವುಗಳ ಪ್ರಾಮಾಣ್ಯವನ್ನು ಅಲ್ಲಗಳೆಯುವುದು ನಮ್ಮ ಉದ್ದೇಶವಲ್ಲ. ಆದರೆ ರೋಗವು ಮಾಡಿದ ಕೇಡಾವುದು, ಚಿಕಿತ್ಸೆಯು ಮಾಡಿದ ಕೇಡಾವುದು ಎಂಬ ವಿವೇಚನೆಯು ಕೊನೆಯ ಆರು ತಿಂಗಳ ಕಥನದಲ್ಲಿ ಬಹುಮಟ್ಟಿಗೆ ಮಸುಳಿಹೋಗಿರುವುದೆಂದು ನಮಗೆ ತೋರುತ್ತದೆ.

ಫ್ರಾಯ್ಡನಿಗೆ ಕಿರಣಗಳ ಅನುಭವವು ಕೊನೆಗಾಲದಲ್ಲಿ ಮೊದಲಾದುದಲ್ಲ. ೧೯೨೩ನೆಯ ಏಪ್ರಿಲಿನಲ್ಲಿ ವಿಯೆನ್ನಾದ ಹಾಯೆಕನು ಬಲಗಡೆಯ ದವಡೆ ಮತ್ತು ಅಂಗುಳಿನ ಗಂಟನ್ನು ಕೊಯ್ದು ತೆಗೆದ ಮೇಲೆ, ಹೋಲ್ತ್ಸ್‌ನೆಖ್ಟನಿಂದ ಎಕ್ಸ್ ಕಿರಣವೂ ಹಾಯೆಕನ ಸಹಾಯಕನಿಂದ ರೇಡಿಯಮ್ಮೂ ಪ್ರಯೋಗಿಸಲ್ಪಟ್ಟುವು. ಪ್ರಮಾಣವು ದೊಡ್ಡದಾಗಿದ್ದು ವಿಷಲಕ್ಷಣಗಳು ತಲೆದೋರಿದುವೆಂದೂ, ನಾಲ್ಕು ತಿಂಗಳು ಕಳೆದ ಮೇಲೆಯೂ ನೋವಿಲ್ಲದ ಗಳಿಗೆಯನ್ನು ಕಾಣಲಿಲ್ಲವೆಂದು ರೋಗಿಯೇ ಬರೆದನೆಂದೂ ಜೋನ್ಸನು ಮರೆಮಾಚದೆ ತಿಳಿಸಿರುವನು. (ಹೋಲ್ತ್ಸ್‌ನೆಖ್ಟನಾದರೋ ಇದೇ ಕಿರಣಗಳು ತನ್ನ ದೇಹದಲ್ಲಿ ಮಾಡಿದ ಗಾಯಗಳಿಂದಲೇ ೧೯೩೧ರಲ್ಲಿ ಮೃತನಾದನು.) ಅದೇ ವರ್ಷದ ಅಕ್ಟೋಬರಿನಲ್ಲಿ ಪಿಖ್ಲರನು ಮೇಲ್ದವಡೆಯ ಬಹುಭಾಗವನ್ನು ಕತ್ತರಿಸಿ, ಬಾಯಿಗೂ ಮೂಗಿಗೂ ನಡುವೆ ಕೃತಕಾಂಗವನ್ನು ಅಳವಡಿಸಿದನು. ಅಲ್ಲಿಂದ ಮುಂದೆ ಬಾಯಿ ತೆರೆಯುವುದೇ ಕಷ್ಟವಾಯಿತು. ಮುಂದಿನ ಚಿಕಿತ್ಸೆಯು ಬಿದ್ದುದು ಹೀಗೆ ಮೊದಲೇ ಜರ್ಜರಿತವಾಗಿದ್ದ ಬಾಯಿಯ ಮೇಲೆ ಎಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

೧೯೩೯ರ ಫೆಬ್ರವರಿಯಲ್ಲಿ ರೋಗವು ಶಸ್ತ್ರಕ್ಕೆ ನಿಲುಕದ ಸ್ಥಳದಲ್ಲಿ ಮರುಕಳಿಸಿತು. ಪ್ಯಾರಿಸಿನ ಕ್ಯೂರಿ ಸಂಸ್ಥೆಯಿಂದ ಲಕಸಾನ್ಯನು ಬಂದು ನೋಡಿದನು. ಗುಣವಾಗುವ ಆಶೆಯಿಲ್ಲದೆ, ಉಪಶಮನಾರ್ಥವಾಗಿ ಮಾರ್ಚ್ ತಿಂಗಳಿನಿಂದ ದಿನಂಪ್ರತಿ ರಾಂಟ್‌ಜೆನ್ ಕಿರಣಗಳನ್ನು ಕೊಡಲಾಯಿತು. ಇದಕ್ಕಾಗಿ ಹಾರ್ಲೆ ಬೀದಿಯ ಫಿಂಜಿ ಎಂಬ ವೈದ್ಯನ ಮನೆಗೆ ಹೋಗಿಬರುವುದು ರೋಗಿಗೆ ಬಹಳ ಆಯಾಸಕರವಾಗಿತ್ತೆಂದೂ, ಆದರೂ ಚಿಕಿತ್ಸೆಯು ರೋಗವನ್ನು ಕೆಲಮಟ್ಟಿಗೆ ತಡೆಯಿತೆಂದೂ ಜೋನ್ಸನ ಅಭಿಪ್ರಾಯ. ೧೯೨೩ರ ವಿಷಯದಲ್ಲಿ ಅಷ್ಟು ವಿಶದವಾಗಿದ್ದ ಲೇಖನಿಯು ಇಲ್ಲಿ ದಾರಿಯ ಆಯಾಸವನ್ನು ಹೇಳಿ, ಕಿರಣದ ಆಯಾಸವನ್ನು ಬಿಟ್ಟುಬಿಡುವುದು ವಿಚಿತ್ರವಾಗಿದೆ.

ರೋಗಿಯ ಮಾತು ಬೇರೆ. ಜೂನ್ ತಿಂಗಳಿನಲ್ಲಿ ಮೇರಿ ಬೋನಪಾರ್ಟಳಿಗೆ ಬರೆದ ಪತ್ರದಲ್ಲಿ ಫ್ರಾಯ್ಡನು ನೋವನ್ನೂ ವಿಷಲಕ್ಷಣಗಳನ್ನೂ ಎತ್ತಿಹೇಳಿ, ಅವುಗಳಿಗೆ ರೇಡಿಯಮ್ಮನ್ನೇ ಹೊಣೆ ಮಾಡುತ್ತಾನೆ. ಜೋನ್ಸನು ರಾಂಟ್‌ಜೆನ್ ಕಿರಣವೆನ್ನುವಲ್ಲಿ ಪತ್ರವು ರೇಡಿಯಂ ಎನ್ನುವುದು ಗಮನಾರ್ಹ. ಈ ಪಾಠಭೇದವನ್ನು ತೇಲಿಸಿಬಿಡುವುದು ಸರಿಯಲ್ಲ. ಹೊರಗಿನಿಂದ ಬೀಳುವ ಕಿರಣಕ್ಕೂ ಬಾಯಿಯೊಳಗಿಟ್ಟ ರೇಡಿಯಮ್ಮಿಗೂ ಉಂಟಾಗುವ ಹುಣ್ಣುಗಳ ಸ್ಥಾನವೂ ಸ್ವರೂಪವೂ ಬೇರೆಬೇರೆ.

ಇನ್ನು ಷೂರನ ಸಾಕ್ಷ್ಯ. ಜೋನ್ಸನಿಗಿಂತ ಇವನು ಹತ್ತಿರದಲ್ಲಿದ್ದವನು, ವೈದ್ಯನು, ನೇರವಾಗಿ ಬರೆಯುವವನು. ಆದರೆ ಇವನು ಅಮೆರಿಕದಲ್ಲಿ ನೆಲಸುವ ಏರ್ಪಾಟಿಗಾಗಿ ೧೯೩೯ರ ಏಪ್ರಿಲಿನಲ್ಲಿ ಅಲ್ಲಿಗೆ ಹೋದವನು ಜುಲೈಯಲ್ಲಿ ಹಿಂತಿರುಗಿದನು. ಬಾಯಿಯ ಒಳಪೊರೆಯು ಬೆಂದು ಹುಣ್ಣಾಗುವುದು ಕಿರಣಾರಂಭದ ಎರಡನೆಯ ವಾರದಿಂದೀಚೆಗೆ; ಚಿಕಿತ್ಸೆ ನಿಂತ ಮೇಲೆಯೂ ಅದು ಕೆಲವು ವಾರ ಮಾಯುವುದಿಲ್ಲ. ಲಾಲಾರಸವು ಬತ್ತುವುದು, ರುಚಿ ಕೆಡುವುದು, ನುಂಗಲಾರದೆ ದೇಹವು ಸೊರಗುವುದು ಇದರ ಬೆನ್ನ ಹಿಂದೆಯೇ ಬರುತ್ತವೆ. ಇವು ಕಾಣಿಸಿಕೊಂಡು ಬಲಿಯಬೇಕಾದ ವಾರಗಳಲ್ಲಿ ಬಹುಪಾಲು ನಮ್ಮ ಮುಖ್ಯ ಸಾಕ್ಷಿಯು ಊರಿನಲ್ಲಿಯೇ ಇರಲಿಲ್ಲ! ಹಿಂತಿರುಗಿದವನು ಕಂಡುದು ಫಲಿತವನ್ನು ಮಾತ್ರ: ಕೃಶವಾದ ಶರೀರ, ಬಲಗಡೆ ಉದುರಿದ ಗಡ್ಡ, ಮುಂದೆ ಕೆನ್ನೆಯೆಲುಬಿನ ಕೊಳೆತ. ಗಡ್ಡವುದುರಿದುದು ಕಿರಣದಿಂದೆಂಬುದರಲ್ಲಿ ಸಂದೇಹವಿಲ್ಲ. ಎಲುಬಿನ ವಿಷಯವು ಅಷ್ಟು ಸುಲಭವಲ್ಲ. ಆ ಕಾಲದ ಅಲ್ಪಶಕ್ತಿಯ ಕಿರಣಗಳ ಪೂರ್ಣಪ್ರಮಾಣವು ಚರ್ಮದ ಮೇಲೆಯೇ ಬೀಳುತ್ತಿತ್ತು. ಎಲುಬು ಅವುಗಳನ್ನು ಮೃದುಮಾಂಸಕ್ಕಿಂತ ಬಹಳ ಹೆಚ್ಚಾಗಿ ಹೀರುತ್ತಿತ್ತು. ಈಗಿನ ಅಧಿಕಶಕ್ತಿಯ ಯಂತ್ರಗಳಲ್ಲಿ ಈ ಎರಡು ದೋಷಗಳೂ ಬಹಳ ತಗ್ಗಿವೆ. ಕ್ಯಾನ್ಸರ್ ತಾನೇ ಎಲುಬನ್ನು ತಿನ್ನಬಲ್ಲದು, ನಿಜ. ಎರಡರಲ್ಲಿ ಯಾವುದೆಂದು ಇಂದು ನಿರ್ಣಯಿಸಲಾಗದು. ಆದುದರಿಂದ ಎಲ್ಲವನ್ನೂ ರೋಗದ ಲೆಕ್ಕಕ್ಕೆ ಬರೆಯಲೂ ಆಗದು.

ಗಾಯದ ದುರ್ಗಂಧವನ್ನು ತಾಳಲಾರದೆ ಪ್ರೀತಿಯ ನಾಯಿಯು ಮೂಲೆ ಸೇರಿದುದು, ನೊಣ ಮುತ್ತದಂತೆ ಹಾಸಿಗೆಗೆ ಸೊಳ್ಳೆಪರದೆ ಕಟ್ಟಿದುದು, ಇವನ್ನು ಎಲ್ಲ ಚರಿತ್ರಕಾರರೂ ಕರುಣರಸಕ್ಕಾಗಿ ಬಳಸಿಕೊಂಡಿದ್ದಾರೆ. ಕೊನೆಯಲ್ಲಿ ಓದಿದ ಪುಸ್ತಕ, ಬಾಲ್ಜಾಕನ ಮಾಂತ್ರಿಕ ಚರ್ಮದ ಕಾದಂಬರಿ. ಕುಗ್ಗುವಿಕೆ ಮತ್ತು ಉಪವಾಸದ ಕಥೆಯಾದುದರಿಂದ ಅದು ತನಗೆ ತಕ್ಕುದೆಂದು ಫ್ರಾಯ್ಡನು ನುಡಿದುದಾಗಿ ಷೂರನು ಹೇಳುತ್ತಾನೆ. ಇದರಲ್ಲಿ ತತ್ತ್ವಜ್ಞನ ವಿಡಂಬನೆಯನ್ನು ಕಂಡವರೇ ಹೆಚ್ಚು. ಉಣ್ಣಲಾರದವನು ತನ್ನ ಬಾಯಿಯ ಸ್ಥಿತಿಯನ್ನು ವೈದ್ಯನಿಗೆ ತಿಳಿಸಿದ ಮಾತೆಂದು ಓದಿದರೆ ಅರ್ಥವು ಸರಳವಾಗಿಯೇ ಇದೆ.

ಚರಕಸಂಹಿತೆಯು ಅಸಾಧ್ಯರೋಗಗಳಲ್ಲಿಯೇ ಯಾಪ್ಯವೆಂಬ ಪ್ರಭೇದವನ್ನು ಹೇಳುತ್ತದೆ: ವಾಸಿಯಾಗದಿದ್ದರೂ ಉಪಚಾರದಿಂದ ಕಾಲ ಸಾಗಿಸಬಹುದಾದುದು. ಇಂಥ ಚಿಕಿತ್ಸೆಗೆ ರೋಗವು ಎಷ್ಟು ಹಿಮ್ಮೆಟ್ಟಿತೆಂಬ ಜೋನ್ಸನ ಅಳತೆಗೋಲು ಸಾಲದು. ನಾವು ಈಗ ಕನ್ನಡದಲ್ಲಿ ಬಳಸುತ್ತಿರುವ ‘ಅಡ್ಡಪರಿಣಾಮ’ವೆಂಬ ಶಬ್ದವೂ ಇಲ್ಲಿ ಸ್ವಲ್ಪ ಮೋಸ ಮಾಡುತ್ತದೆ. ಗುಣಪಡಿಸುವ ಚಿಕಿತ್ಸೆಯಲ್ಲಿ ಬಾಯಿಹುಣ್ಣು ಅಡ್ಡದ್ದಿರಬಹುದು. ನೋವು ತಗ್ಗಿಸಿ ನುಂಗುವಂತೆ ಮಾಡುವುದೇ ಗುರಿಯಾಗಿರುವಲ್ಲಿ, ನೋವು ಹೆಚ್ಚಿಸಿ ನುಂಗಗೊಡದ ಹುಣ್ಣು ಗುರಿಗೇ ನೇರವಾಗಿ ತಗಲುತ್ತದೆ. ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯವರು ತಲೆ–ಕತ್ತಿನ ಗುಣವಾಗದ ಕ್ಯಾನ್ಸರಿನ ೫೦೫ ರೋಗಿಗಳಿಗೆ ಕೇವಲ ೫ ಸಲದಲ್ಲಿ ಒಟ್ಟು ೨೦ ಗ್ರೇ ಪ್ರಮಾಣವನ್ನು ಕೊಟ್ಟು, ನೋವು ಮತ್ತು ನುಂಗುವಿಕೆಗಳಲ್ಲಾದ ಸುಧಾರಣೆಯನ್ನು ೨೦೦೪ರಲ್ಲಿ ಪ್ರಕಟಿಸಿದುದು ಈ ದೃಷ್ಟಿಯಿಂದಲೇ.

ಫ್ರಾಯ್ಡನ ಚರಿತ್ರೆಯನ್ನು ಮುಂದೆ ಕನ್ನಡಕ್ಕೆ ತರುವವರು ಜೋನ್ಸನ ಆ ವಾಕ್ಯವನ್ನು ಒಂಟಿಯಾಗಿ ಅನುವಾದಿಸದೆ, ಅದರ ಪಕ್ಕದಲ್ಲಿ ಜೂನ್ ತಿಂಗಳ ಪತ್ರವನ್ನೂ ತಾರೀಖಿನೊಡನೆ ಕೊಟ್ಟರೆ ಉಪಕಾರವಾಗುತ್ತದೆ.