ಯಾರ ಮಣ್ಣಿಗೆ ಮರಳೋದು?

ಕನ್ನಡದಲ್ಲಿ ಹಳ್ಳಿಯ ಸಾವಿಗೆ ಅತ್ತವರು ಬಹಳ ಮಂದಿ. ಪಟ್ಟಣ ಬಂತು, ಹಳ್ಳಿ ಹಾಳಾಯ್ತು. ಕೆರೆ ಹೋಯ್ತು, ಜಾತ್ರೆ ಹೋಯ್ತು, ಮನುಷ್ಯರ ನಡುವಿನ ಪ್ರೀತಿ ಹೋಯ್ತು ಅಂತ ಕತೆ, ಕವನ, ಭಾಷಣ, ಪರೀಕ್ಷೆಯ ಪ್ರಬಂಧ ಎಲ್ಲದರಲ್ಲೂ ಓದಿದ್ದೇವೆ, ಕೇಳಿದ್ದೇವೆ. ಈ ಅಳು ಸುಳ್ಳು ಅಂತ ನಾವು ಹೇಳೋದಿಲ್ಲ. ಕೆರೆ ಹೋಗಿದ್ದು ನಿಜವೇ. ಆದರೆ ಅಳುವವರು ಎಲ್ಲಿ ನಿಂತು ಅಳುತ್ತಿದ್ದಾರೆ? ಊರೊಳಗಿನ ಜಗಲಿ ಮೇಲೋ, ಕೇರಿಯ ಗುಡಿಸಲ ಬಾಗಿಲಲ್ಲೋ? ಜಗಲಿಯಿಂದ ಕಾಣೋ ಹಳ್ಳಿ ಬೇರೆ, ಕೇರಿಯಿಂದ ಕಾಣೋ ಹಳ್ಳಿ ಬೇರೆ. ನಮ್ಮ ವಿಮರ್ಶೆ ಈ ಪ್ರಶ್ನೆಯನ್ನು ಸುತ್ತು ಬಳಸಿ ದಾಟಿಕೊಂಡೇ ಬಂದಿದೆ.

ದಾಟದೆ ನೇರ ಕೇಳಿದವರು ಬಾಬಾಸಾಹೇಬರು. 1948ರ ನವೆಂಬರ್ 4ರಂದು ಸಂವಿಧಾನದ ಕರಡನ್ನು ಸಭೆಯ ಮುಂದಿಟ್ಟು ಮಾತಾಡುವಾಗ, ಹಳ್ಳಿಯೇ ಭಾರತದ ಆತ್ಮ ಅಂತ ಕೊಂಡಾಡುತ್ತಿದ್ದವರ ಎದುರಿಗೇ, ಈ ಹಳ್ಳಿಗಳು ಅಜ್ಞಾನದ, ಸಂಕುಚಿತ ಬುದ್ಧಿಯ, ಜಾತಿಯ ಬಿಲಗಳು ಎಂಬ ಅರ್ಥದ ಮಾತಾಡಿದರು. ಸಭೆಯಲ್ಲಿ ಅನೇಕರಿಗೆ ಸಿಟ್ಟು ಬಂತು. ಆ ಸಿಟ್ಟು ಕನ್ನಡ ಸಾಹಿತ್ಯದ ಒಳಗೆ ಇವತ್ತಿಗೂ ಆರಿಲ್ಲ.

ಈ ಮಾತನ್ನು ಎರಡು ಕಾದಂಬರಿಗಳನ್ನಿಟ್ಟು ಪರೀಕ್ಷೆ ಮಾಡೋಣ. ಎರಡೂ ಶಿವರಾಮ ಕಾರಂತರವೇ. 'ಚೋಮನ ದುಡಿ' 1933ರದು, 'ಮರಳಿ ಮಣ್ಣಿಗೆ' 1941ರದು. ನಡುವೆ ಇರೋದು ಎಂಟೇ ವರ್ಷ. ನಮ್ಮ ಕಾಲೇಜುಗಳಲ್ಲಿ ಎರಡನ್ನೂ ಪಾಠ ಮಾಡುತ್ತಾರೆ. ಒಂದರ ಪಕ್ಕ ಒಂದನ್ನಿಟ್ಟು ಪಾಠ ಮಾಡಿದವರು ಕಮ್ಮಿ.

'ಮರಳಿ ಮಣ್ಣಿಗೆ'ಯಲ್ಲಿ ಕೋಟದ ಕಡಲ ದಂಡೆಯ ಬ್ರಾಹ್ಮಣ ಕುಟುಂಬದ ಮೂರು ತಲೆಮಾರಿದೆ. ರಾಮ ಐತಾಳರ ಮಗ ಲಚ್ಚ ಇಂಗ್ಲಿಷ್ ಓದಲು ಕುಂದಾಪುರಕ್ಕೆ ಹೋಗಿ ಕೆಡುತ್ತಾನೆ, ಮನೆ ಹಾಳು ಮಾಡುತ್ತಾನೆ. ಮೊಮ್ಮಗ ರಾಮ ಮದರಾಸಿಗೆ ಹೋಗಿ ಓದುತ್ತಾನೆ, ಚಳವಳಿಗೆ ಇಳಿಯುತ್ತಾನೆ, ಮುಂಬಯಿಯ ಬದುಕನ್ನೂ ನೋಡುತ್ತಾನೆ, ಕೊನೆಗೆ ಊರಿಗೆ ಬಂದು ಮಣ್ಣಿಗೆ ಕೈ ಹಾಕುತ್ತಾನೆ. ಓದುಗರಿಗೆ ಸಮಾಧಾನ ಆಗುತ್ತದೆ. ಪಟ್ಟಣ ಕೆಡಿಸಿತು, ಮಣ್ಣು ಕಾಪಾಡಿತು ಅಂತ ಮೇಷ್ಟ್ರು ನೋಟ್ಸ್ ಬರೆಸುತ್ತಾರೆ.

ಈಗ ಚೋಮನನ್ನು ನೋಡಿ. ಅವನ ಹಟ್ಟಿಯಲ್ಲಿ ಒಂದು ಜೊತೆ ಎತ್ತಿದೆ, ರಟ್ಟೆಯಲ್ಲಿ ಬಲ ಇದೆ, ಎದೆಯಲ್ಲಿ ಒಂದೇ ಒಂದು ಆಸೆ ಇದೆ: ತುಂಡು ನೆಲ ಹಿಡಿದು ಉಳಬೇಕು. ಒಡೆಯ ಸಂಕಪ್ಪಯ್ಯನ ಮನಸ್ಸು ಕೊಂಚ ಕರಗುತ್ತದೆ. ಹೊಲೆಯನಿಗೆ ಬೇಸಾಯ ಕೊಡೋದೇ ಅಂತ ಅವನ ತಾಯಿ ಅಡ್ಡ ನಿಲ್ಲುತ್ತಾಳೆ. ಸಾಲ ತೀರಿಸೋಕೆ ಗಂಡುಮಕ್ಕಳು ಘಟ್ಟದ ಕಾಫಿ ತೋಟಕ್ಕೆ ಹೋಗುತ್ತಾರೆ. ಚನಿಯ ಜ್ವರದಲ್ಲಿ ಸಾಯುತ್ತಾನೆ. ಗುರುವ ಹಿಂದಕ್ಕೆ ಬರಲ್ಲ. ಚೋಮ ದುಡಿ ಬಡೀತಾ ಬಡೀತಾ ಪ್ರಾಣ ಬಿಡುತ್ತಾನೆ.

ಇಬ್ಬರ ಮನೆಯವರೂ ಊರು ಬಿಟ್ಟವರೇ. ಐತಾಳರ ಮೊಮ್ಮಗ ಓದಲು ಹೋದ, ಚೋಮನ ಮಕ್ಕಳು ಸಾಲಕ್ಕೆ ಹೋದರು. ಅಪ್ಪನ ಕಾಲದಲ್ಲಿ ಮನೆ ಹಾಳಾಗಿದ್ದರೂ ರಾಮ ವಾಪಸ್ಸು ಬಂದಾಗ, ನಿನ್ನ ಜಾತಿಗೆ ಬೇಸಾಯ ಇಲ್ಲ ಅನ್ನೋ ಬಾಯಿ ಊರಲ್ಲಿ ಒಂದೂ ಇಲ್ಲ. ಚೋಮನಿಗೆ ಆ ಮಾತು ಹುಟ್ಟಿದಾಗಲೇ ಕಟ್ಟಿದ ತಾಯತ. ಮಣ್ಣಿಗೆ ಮರಳಬೇಕಾದರೆ ಮೊದಲು ಮಣ್ಣು ನಮ್ಮದಾಗಿರಬೇಕಲ್ವೆ? ಇಲ್ಲದ ಮನೆಗೆ ಯಾವ ದಾರಿಯಲ್ಲಿ ಹಿಂದಿರುಗೋದು? ಕಾರಂತರು ಎರಡನ್ನೂ ಕಂಡರು, ಎರಡನ್ನೂ ಬರೆದರು. ಅದು ಅವರ ದೊಡ್ಡತನ. ರಾಮನ ದಾರಿಯನ್ನು ಇಡೀ ನಾಡಿಗೆ ಮದ್ದು ಮಾಡಿಕೊಂಡು ಚೋಮನನ್ನು ಕರುಣೆಯ ಖಾತೆಗೆ ಬರೆದದ್ದು ನಮ್ಮ ವಿಮರ್ಶಕರ ಜಾಣತನ.

ಅದೇ ಕಾದಂಬರಿಯಲ್ಲಿ ಶೀನ ಮಯ್ಯರ ಕಡೆಯವರು ಬೆಂಗಳೂರಿಗೆ ಹೋಗಿ ಹೋಟೆಲು ಹಾಕಿ ದುಡ್ಡು ಮಾಡುತ್ತಾರೆ. ನಾಡಿನುದ್ದಕ್ಕೂ ಕಂಡ ಸತ್ಯ ಇದು. ಆದರೆ ಚೋಮನ ಮಗ ಆವತ್ತು ಬೆಂಗಳೂರಲ್ಲಿ ಹೋಟೆಲು ಹಾಕಿದ್ದರೆ ಯಾರು ಬಂದು ಉಣ್ಣುತ್ತಿದ್ದರು? ಬರಿಗೈಲಿ ಬಂದವರನ್ನೆಲ್ಲ ಪಟ್ಟಣ ಒಂದೇ ಥರ ನೋಡುತ್ತದೆ ಅನ್ನೋದು ಹಸಿ ಸುಳ್ಳು. ಒಬ್ಬನ ಜಾತಿ ಅವನಿಗೆ ಬಂಡವಾಳ, ಇನ್ನೊಬ್ಬನ ಜಾತಿ ಅವನಿಗೆ ಸಾಲ.

ಕೇರಿಯ ಕಡೆಯಿಂದ ಈ ಕತೆ ಬರೆದದ್ದು ಸಿದ್ಧಲಿಂಗಯ್ಯನವರ 'ಊರುಕೇರಿ' (1996). ಅದರ ಶುರುವಿನಲ್ಲೇ ಎತ್ತುಗಳ ಜಾಗದಲ್ಲಿ ನೊಗಕ್ಕೆ ಹೆಗಲು ಕೊಟ್ಟ ಇಬ್ಬರು ಮನುಷ್ಯರು ಕಾಣುತ್ತಾರೆ. ಒಬ್ಬರು ಬರೆದವರ ಅಪ್ಪ. ಚೋಮನಿಗೆ ಎತ್ತಿತ್ತು, ಹೊಲ ಇರಲಿಲ್ಲ. ಇಲ್ಲಿ ಮನುಷ್ಯನೇ ಎತ್ತಾಗಿದ್ದಾನೆ. ಮಾಗಡಿ ಕಡೆಯ ಮಂಚನಬೆಲೆಯಿಂದ ಹೊರಟ ಆ ಕುಟುಂಬ ಬೆಂಗಳೂರಿನ ಶ್ರೀರಾಂಪುರದ ಕೇರಿಗೆ ಬಂತು. ಪುಸ್ತಕದಲ್ಲಿ ಹಳ್ಳಿಗಾಗಿ ಗೋಳಾಟ ಇಲ್ಲ, ಪಟ್ಟಣಕ್ಕೆ ಮಂಗಳಾರತಿಯೂ ಇಲ್ಲ. ಬಡತನವನ್ನು ಕಂಡು ನಗುವ ಧೈರ್ಯ ಇದೆ. ಆ ನಗು ಎಲ್ಲಿಂದ ಬಂತು ಅಂತ ಯೋಚಿಸಿ. ಪಟ್ಟಣದಲ್ಲಿ ಹಾಸ್ಟೆಲು ಸಿಕ್ಕಿತು, ಪುಸ್ತಕ ಸಿಕ್ಕಿತು, ಸಭೆ ಸಿಕ್ಕಿತು. ಬಸ್ಸಿನ ಸೀಟಿನಲ್ಲಿ ಪಕ್ಕ ಕೂತವನು ಹೆಸರು ಕೇಳದೆ ಜಾಗ ಬಿಟ್ಟ. ಪಟ್ಟಣವನ್ನು ಬಯ್ಯೋ ಕವಿಗಳು ಈ ಲೆಕ್ಕವನ್ನು ಒಪ್ಪಿಸಲೇಬೇಕು. ನಮ್ಮ ತಲೆಮಾರು ಅಕ್ಷರ ಕಂಡಿದ್ದರೆ ಈ ದಾರಿ ಹಿಡಿದದ್ದಕ್ಕೇ.

ಹಾಗಂತ ಪಟ್ಟಣಕ್ಕೆ ಕೈ ಮುಗಿಯೋಣವೆ? ಪಟ್ಟಣಕ್ಕೆ ಬಂದವರಿಗೆ ಊರಿನ ಕಸುಬೇ ಬೇರೆ ಹೆಸರಲ್ಲಿ ಕಾದಿತ್ತು. ತಲೆ ಮೇಲೆ ಮಲ ಹೊರುವುದನ್ನು ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿ 1970ರ ದಶಕದಲ್ಲೇ ನಿಲ್ಲಿಸ ಹೊರಟರು. 1993ರಲ್ಲಿ ಒಂದು ಕೇಂದ್ರ ಕಾನೂನು ಬಂತು, 2013ರಲ್ಲಿ ಇನ್ನೊಂದು ಬಂತು. ಅದಾದ ಮೇಲೂ ಮ್ಯಾನ್‌ಹೋಲಿಗೆ ಇಳಿದು ಸತ್ತವರ ಸುದ್ದಿ ಓದಿದ್ದೇವೆ. ಬೆಂಗಳೂರಿನ ಬೀದಿ ಗುಡಿಸುವವರಲ್ಲಿ ಬಹುಪಾಲು ನಮ್ಮ ಹೆಣ್ಣುಮಕ್ಕಳು. ವರ್ಷಗಟ್ಟಲೆ ಗುತ್ತಿಗೆಯಲ್ಲೇ ದುಡಿದು, ಕೆಲಸ ಕಾಯಂ ಮಾಡಿ ಅಂತ 2022ರ ಜುಲೈನಲ್ಲಿ ಅವರು ಪೊರಕೆ ಕೆಳಗಿಟ್ಟು ಬೀದಿಗಿಳಿಯಬೇಕಾಯಿತು. ಬಾಡಿಗೆ ಮನೆ ಕೇಳಲು ಹೋದರೆ ಮೊದಲ ಪ್ರಶ್ನೆ 'ನೀವು ಯಾವ ಜನ?' ಕೇರಿಗೆ ಗೋಡೆ ಇರಲಿಲ್ಲ, ಎಲ್ಲರಿಗೂ ಕಾಣುತ್ತಿತ್ತು. ಪಟ್ಟಣದ ಕೇರಿ ಕಾಣೋದಿಲ್ಲ, ಮನೆ ಹುಡುಕುವಾಗ ಎಡವುತ್ತೇವೆ.

ಇಷ್ಟು ಹಳ್ಳಿ ಬಿಟ್ಟು ಬಂದವರ ಮಾತು. ಈಗ ಪಟ್ಟಣವೇ ಎದ್ದು ಹಳ್ಳಿಗೆ ನಡೆದು ಬರುತ್ತಿದೆ. ಬೆಂಗಳೂರಿನ ಜನ 1971ರಲ್ಲಿ ಸುಮಾರು 16 ಲಕ್ಷ, 2011ರಲ್ಲಿ ಸುಮಾರು 85 ಲಕ್ಷ. 1970ರ ದಶಕದ ಕೊನೆಗೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರಿನ ಹೊಲಗಳು ಎಲೆಕ್ಟ್ರಾನಿಕ್ ಸಿಟಿಯಾದವು. 2007ರಲ್ಲಿ 110 ಹಳ್ಳಿಗಳನ್ನು ಮಹಾನಗರ ಪಾಲಿಕೆಗೆ ಸೇರಿಸಿದರು. 2008ರಲ್ಲಿ ದೇವನಹಳ್ಳಿ ನೆಲದಿಂದ ವಿಮಾನ ಹಾರಿತು.

ಚೋಮನಿಗೆ ಕಡೇವರೆಗೂ ಸಿಗದ ಮಣ್ಣು ಅವನ ಮೊಮ್ಮಕ್ಕಳಲ್ಲಿ ಕೆಲವರಿಗೆ ಸರ್ಕಾರದ ದರಖಾಸ್ತಿನಲ್ಲಿ ಸಿಕ್ಕಿತ್ತು. ಕಲ್ಲುಭೂಮಿಯೋ, ಗೋಮಾಳದ ಅಂಚೋ, ಅಂತೂ ಪಹಣಿಯಲ್ಲಿ ಹೆಸರು ಬಂತು. ಆ ಭೂಮಿಯನ್ನು ಸಾಲಕ್ಕೆ, ಮದುವೆಗೆ, ಸಾರಾಯಿಗೆ ಹೊಡಕೊಳ್ಳುವವರನ್ನು ತಡೆಯೋಕೆ 1978ರ ಪಿಟಿಸಿಎಲ್ ಕಾಯ್ದೆ ಬಂತು. ಪರಿಶಿಷ್ಟರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಮಾರಿದರೆ ಆ ಮಾರಾಟ ಊರ್ಜಿತವಲ್ಲ, ಜಮೀನು ವಾಪಸ್ಸು ಕೊಡಿಸಬೇಕು. ಆದರೆ 2017ರಲ್ಲಿ ಸುಪ್ರೀಂ ಕೋರ್ಟು, ಬಹಳ ವರ್ಷ ತಡ ಮಾಡಿ ಕೇಳಿದರೆ ಆಗದು ಎಂದಿತು. ಓದು ಬಾರದವನಿಗೆ ಕಾಯ್ದೆ ತಿಳಿಯೋ ಹೊತ್ತಿಗೇ ಇಪ್ಪತ್ತು ವರ್ಷ ಕಳೆದಿರುತ್ತದೆ. ಕಾಲಮಿತಿ ಅಡ್ಡ ಬರಬಾರದು ಅಂತ 2023ರಲ್ಲಿ ತಿದ್ದುಪಡಿ ಮಾಡಿಸಲು ಮತ್ತೆ ಹೋರಾಡಬೇಕಾಯಿತು. ನಡುವೆ 2020ರಲ್ಲಿ, ಬೇಸಾಯಗಾರರಲ್ಲದವರು ಬೇಸಾಯದ ಭೂಮಿ ಕೊಳ್ಳದಂತೆ ತಡೆದಿದ್ದ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನೇ ಸರ್ಕಾರ ಕಿತ್ತುಹಾಕಿತು.

ಭೂಮಿಯೇ ಇಲ್ಲದವನ ಪಾಡು ಇನ್ನೊಂದು. ಹೊಲ ಲೇಔಟ್ ಆದಾಗ ಪರಿಹಾರದ ಚೆಕ್ಕು ಪಹಣಿಯಲ್ಲಿ ಹೆಸರಿದ್ದವನಿಗೆ ಹೋಗುತ್ತದೆ. ಅದೇ ಹೊಲದಲ್ಲಿ ಮೂರು ತಲೆಮಾರು ಕಳೆ ಕಿತ್ತವಳಿಗೆ ಏನು? ಕೂಲಿ ಹೋಯ್ತು, ಬದುವಿನ ಹುಲ್ಲು ಹೋಯ್ತು, ಗೋಮಾಳದ ಸೌದೆ ಹೋಯ್ತು, ಕಟ್ಟಿದ್ದ ಒಂದು ಎಮ್ಮೆ ಮಾರಿಹೋಯ್ತು. 2013ರ ಕೇಂದ್ರ ಭೂಸ್ವಾಧೀನ ಕಾನೂನು ಕೂಲಿಯವರನ್ನೂ ಬಾಧಿತ ಕುಟುಂಬ ಅಂತ ಎಣಿಸಿತು. ಕಾನೂನಿನ ಪುಸ್ತಕದಲ್ಲಿ ಎಣಿಸಿದ್ದನ್ನು ಕಛೇರಿಯ ಮೇಜಿನ ಮೇಲೆ ಎಣಿಸುವಂತೆ ಮಾಡೋದು ಬೇರೆ ಕೆಲಸ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ ಜನ 1,777 ಎಕರೆ ಬಿಟ್ಟುಕೊಡಲ್ಲ ಅಂತ 2022ರಿಂದ ಮೂರು ವರ್ಷಕ್ಕೂ ಹೆಚ್ಚು ಕಾಲ ಕೂತರು. 2025ರ ಜುಲೈನಲ್ಲಿ ಸರ್ಕಾರ ಆ ಸ್ವಾಧೀನವನ್ನು ಕೈಬಿಡುವುದಾಗಿ ಹೇಳಿತು. ಅಳುತ್ತಾ ಕೂತಿದ್ದರೆ ಇದಾಗುತ್ತಿರಲಿಲ್ಲ.

ಆದ್ದರಿಂದ ಹಳ್ಳಿ ಪಟ್ಟಣದ ಬಗ್ಗೆ ಬರೆದ ಯಾವ ಕೃತಿಯನ್ನಾದರೂ ಕೈಗೆತ್ತಿಕೊಂಡಾಗ ನಾವು ಮೊದಲು ಕೇಳುವ ಪ್ರಶ್ನೆ ಒಂದೇ: ಈ ಪುಟಗಳಲ್ಲಿ ಮಣ್ಣು ಯಾರ ಹೆಸರಿನಲ್ಲಿದೆ? ಹಸಿರು ಗದ್ದೆ, ತಂಪು ಗಾಳಿ ಅಂತ ಬರೆದವನು ಆ ಗದ್ದೆ ನಾಟಿ ಮಾಡಿದ ಕೈಯನ್ನು ತೋರಿಸಿದ್ದಾನೆಯೆ? ಪಟ್ಟಣದ ಒಂಟಿತನ ಅಂತ ಕೊರಗುವವನು ಅವನ ಬೀದಿ ಗುಡಿಸಿದವಳ ಮುಖ ನೋಡಿದ್ದಾನೆಯೆ? ಇದು ಸಾಹಿತ್ಯದ ಪ್ರಶ್ನೆಯಲ್ಲ, ರೆವಿನ್ಯೂ ಇಲಾಖೆಯ ಪ್ರಶ್ನೆ ಅಂತ ಪಂಡಿತರು ಮೂಗು ಮುರಿಯಬಹುದು. ಚೋಮನ ದುಡಿ ಕೇಳಿದ್ದೂ ರೆವಿನ್ಯೂ ಪ್ರಶ್ನೆಯನ್ನೇ.

ನಮ್ಮ ಕವಿಗಳಿಗೂ ಒಂದು ಮಾತು. ಪಟ್ಟಣವನ್ನು ರಾಕ್ಷಸ ಅಂತ ಬಯ್ದು, ಅವ್ವನ ಹಳ್ಳಿಯನ್ನು ತಾಯಿ ಅಂತ ಹಾಡುವ ಚಾಳಿ ನಮ್ಮೊಳಗೂ ಕಾಣಿಸುತ್ತಿದೆ. ಅವ್ವ ದೊಡ್ಡವಳು, ಸರಿ. ಆದರೆ ಅವ್ವನಿಗೆ ಬೊಗಸೆಯಲ್ಲಿ ನೀರು ಹುಯ್ದದ್ದು ಅದೇ ಹಳ್ಳಿ. ಜಗಲಿಯ ಅಳುವನ್ನು ಕೇರಿಗೆ ಬಾಡಿಗೆ ತಂದರೆ ನಮ್ಮ ಪದ್ಯ ನಮ್ಮದಾಗಿ ಉಳಿಯಲ್ಲ.

ಹಳ್ಳಿಶಾಲೆಯ ಮೇಷ್ಟ್ರುಗಳೇ, ಕಾಲೇಜಿನ ಗೆಳೆಯ ಗೆಳತಿಯರೇ, ಮುಂದಿನ ಸಲ 'ಮರಳಿ ಮಣ್ಣಿಗೆ' ಓದುವಾಗ 'ಚೋಮನ ದುಡಿ'ಯನ್ನೂ ಮಡಿಲಲ್ಲಿಟ್ಟುಕೊಳ್ಳಿ. ಓದಿ ಮುಗಿಸಿ ನಾಡಕಛೇರಿಗೆ ಹೋಗಿ, ನಿಮ್ಮೂರ ಕೇರಿಯವರಿಗೆ ಮಂಜೂರಾದ ಜಮೀನು ಎಷ್ಟು, ಇವತ್ತು ಯಾರ ಹೆಸರಲ್ಲಿದೆ ಅಂತ ಪಹಣಿ ತೆಗೆಸಿ ನೋಡಿ. ಕೇರಿಯಲ್ಲಿ ಕೂತು ಅದನ್ನು ಗಟ್ಟಿಯಾಗಿ ಓದಿ ಹೇಳಿ. ಅಲ್ಲಿಂದ ಹುಟ್ಟೋ ಕತೆ, ಹುಟ್ಟೋ ಹಾಡು, ಹುಟ್ಟೋ ಅರ್ಜಿ ಮೂರೂ ನಮಗೆ ಬೇಕು.