ಸಂಕಮ್ಮನ ಸಾಲಿನಲ್ಲಿ ಭಾಷೆಯ ಪ್ರಶ್ನೆ

ಗತಕಾಲದ ಪ್ರಣಯಕಥೆಯೆಂದೊಡನೆ ಅರಮನೆ, ಕೋಟೆ, ಕತ್ತಿವರಸೆಗಳೇ ವಾಚಕರ ಸ್ಮರಣೆಗೆ ಬರುವುದು ವಾಡಿಕೆ. ನೆಲವನ್ನು ನಂಬಿ ಬಾಳುವವರ ಒಲವನ್ನು ಹಿಂದಣ ಕಾಲದಲ್ಲಿಟ್ಟು ನಿರೂಪಿಸಿದ ಕಾದಂಬರಿಗಳಲ್ಲಿ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಅಗ್ರಗಣ್ಯವಾದುದು. ಇಂಥ ವಸ್ತು ಕನ್ನಡಕ್ಕೆ ಕಾದಂಬರಿಯೊಡನೆ ಬಂದುದಲ್ಲ. ಕೊಳ್ಳೇಗಾಲ, ಹನೂರು ಸೀಮೆಯಲ್ಲಿ ದೇವರಗುಡ್ಡರು ಕಂಸಾಳೆಯ ತಾಳಕ್ಕೆ ಹಾಡುವ ಮಲೆಯ ಮಾದೇಶ್ವರನ ಕಾವ್ಯದಲ್ಲಿ ‘ಸಂಕಮ್ಮನ ಸಾಲು’ ಎಂಬ ಭಾಗವು ಅಂಥ ಒಂದು ದಾಂಪತ್ಯಕಥೆಯೇ ಆಗಿದೆ.

ಪಾಠಾಂತರಗಳು ಹಲವಿದ್ದರೂ ಕಥಾಶರೀರವು ಒಂದೇ. ಸೋಲಿಗರ ನೀಲೇಗೌಡನು ಜೇನಿಗೂ ಬೇಟೆಗೂ ದೂರದ ಮಲೆಗೆ ಹೊರಡುತ್ತಾನೆ. ತಾನು ಮರಳುವವರೆಗೆ ಶೀಲಗೆಡೆನೆಂದು ಭಾಷೆ ಕೊಡಬೇಕೆಂದು ಮಡದಿಯನ್ನು ಕೇಳುತ್ತಾನೆ. ಅವಳು ಒಪ್ಪುವುದಿಲ್ಲ. ಅವನು ಹಿಂಸಿಸಿ, ಗುಡಿಸಲಿನಲ್ಲಿ ಬಂಧಿಸಿ ಹೋಗುತ್ತಾನೆ. ಮಾದೇಶ್ವರನು ಜಂಗಮರೂಪದಿಂದ ಬಂದು ಬಿಡಿಸಿ ಸಂತಾನವರವನ್ನು ಕೊಡುತ್ತಾನೆ. ಮರಳಿದ ಗಂಡನು ಸಂಶಯಗೊಂಡು ಅವಳನ್ನು ಪರೀಕ್ಷೆಗೆ ಒಡ್ಡುತ್ತಾನೆ, ಅವಳು ಗೆಲ್ಲುತ್ತಾಳೆ. ಕಾರಯ್ಯ, ಬಿಲ್ಲಯ್ಯರೆಂಬವರು ಅವಳ ಮಕ್ಕಳು.

ಆಲಂಕಾರಿಕರು ವಿಪ್ರಲಂಭದಲ್ಲಿ ಪ್ರವಾಸವನ್ನೊಂದು ಭೇದವಾಗಿ ಎಣಿಸಿರುವರು. ಅಲ್ಲಿ ನಾಯಿಕೆಯ ದುಃಖಕ್ಕೆ ನಾಯಕನ ಅಗಲಿಕೆಯೇ ಕಾರಣ. ಇಲ್ಲಿಯಾದರೋ ದುಃಖವು ಅವನು ಹೊಸಿಲು ದಾಟುವುದಕ್ಕೆ ಮುನ್ನವೇ ಮೊದಲಾಗುತ್ತದೆ. ಅದರ ಬೀಜವು ವಿರಹವಲ್ಲ, ಅವಿಶ್ವಾಸ. ಪ್ರಣಯಕಥೆಗಳು ಸಾಮಾನ್ಯವಾಗಿ ಕೊಟ್ಟ ಮಾತಿನಲ್ಲಿ ಮುಗಿಯುವುವು. ಈ ಸಾಲು ಕೊಡದ ಮಾತಿನಿಂದ ಪ್ರಾರಂಭವಾಗುತ್ತದೆ. ಜಾನಕಿಯು ಎರಡನೆಯ ಸಲ ಪ್ರತ್ಯಯವನ್ನು ಕೇಳಿದಾಗ ಶಪಥವನ್ನು ಉಚ್ಚರಿಸಿಯೇ ಭೂಮಿಯನ್ನು ಹೊಕ್ಕಳು. ಸಂಕಮ್ಮನಾದರೋ ಮೊದಲ ಸಲವೇ ಆ ಬೇಡಿಕೆಯನ್ನು ನಿರಾಕರಿಸಿದಳು.

ಈ ನಿರಾಕರಣೆಯ ಬೆಲೆಯನ್ನು ಅರಿಯಲು ನೆರೆಯ ಯಳಂದೂರಿನತ್ತ ನೋಡಬೇಕು. ಅಲ್ಲಿ ಹುಟ್ಟಿ, ಚಿಕದೇವರಾಜ ಒಡೆಯರ (1673–1704) ಆಸ್ಥಾನದಲ್ಲಿ ಸಂಚಿಯ ಊಳಿಗದಲ್ಲಿದ್ದ ಹೊನ್ನಮ್ಮನು ‘ಹದಿಬದೆಯ ಧರ್ಮ’ವನ್ನು ಸಾಂಗತ್ಯದಲ್ಲಿ ರಚಿಸಿದಳು. ಹೆಣ್ಣನ್ನು ಕೀಳೆಂದು ಬಗೆವವರನ್ನು ಅವಳು ನಿಷ್ಠುರವಾಗಿ ಖಂಡಿಸಿರುವಳು. ಆದರೂ ಪತಿಯ ಇಚ್ಛೆಯನ್ನು ಅನುಸರಿಸುವುದೇ ಸತಿಗೆ ಧರ್ಮವೆಂಬುದು ಅವಳ ಗ್ರಂಥದ ಮುಖ್ಯೋಪದೇಶ. ಸಂಕಮ್ಮನಿಗೂ ಪಾತಿವ್ರತ್ಯವು ಬೇಡವಾದುದಲ್ಲ, ಅದನ್ನು ಅವಳು ಕಡೆಯವರೆಗೂ ಕಾಯುತ್ತಾಳೆ. ಅವಳು ಒಲ್ಲದುದು ಅದಕ್ಕೆ ಹೊಣೆ ಬರೆದುಕೊಡುವುದನ್ನು ಮಾತ್ರ. ಹೊನ್ನಮ್ಮನು ಕೇಳದೆ ಬಿಟ್ಟ ಪ್ರಶ್ನೆಯನ್ನು ಈ ಸಾಲು ಕೇಳಿದೆ: ಗಂಡನಿಗೇ ನಂಬಿಕೆಯಿಲ್ಲದಲ್ಲಿ ಹೆಂಡತಿಯ ಆಣೆಯು ಏನನ್ನು ಕಾಪಾಡೀತು?

ಇದು ಮಾದೇಶ್ವರನ ಮಹಿಮೆಯ ಕಥೆ, ಸಂಕಮ್ಮನು ನಿಮಿತ್ತಮಾತ್ರಳು ಎಂದು ಕೆಲವರು ಆಕ್ಷೇಪಿಸಬಹುದು. ವರಪ್ರದಾನವೊಂದೇ ಗುರಿಯಾಗಿದ್ದಲ್ಲಿ ಬಂಜೆಯ ಮೊರೆಯೇ ಸಾಕಾಗಿತ್ತು, ಭಾಷೆಯ ವಿವಾದವು ಅನಾವಶ್ಯಕ. ಇದರಲ್ಲಿ ರಾಜರಿಲ್ಲ, ಶಾಸನವಿಲ್ಲ. ಚರಿತ್ರೆಯೆಲ್ಲಿ ಎಂಬ ಆಕ್ಷೇಪವೂ ನಿಲ್ಲದು. ಕಾಡು ಕಡಿದು ರಾಗಿ ಬಿತ್ತಿ, ಜೇನನ್ನು ಅರಸಿ ಅಲೆಯುತ್ತಿದ್ದವರ ಮನೆಯಲ್ಲಿ ಗಂಡಸಿನ ದೀರ್ಘಪ್ರವಾಸವು ಜೀವನೋಪಾಯದ ಅಂಗವಾಗಿದ್ದಿತು. ಅದು ದಾಂಪತ್ಯದ ಮೇಲೆ ಹೇರಿದ ಭಾರವೂ ಚರಿತ್ರೆಯೇ.

ದೋಷವೊಂದುಂಟು. ಆಣೆಯನ್ನು ಒಲ್ಲೆನೆಂದವಳನ್ನು ಕಥೆಯು ಕಡೆಗೆ ಪರೀಕ್ಷೆಗೆ ನಿಲ್ಲಿಸಿ, ಅವಳ ನಿಲವನ್ನು ಪವಾಡದಿಂದ ಸಮರ್ಥಿಸುತ್ತದೆ. ಪವಾಡವು ಅವಳ ಶೀಲವನ್ನು ಸಾಧಿಸಿತು. ಭಾಷೆಯನ್ನು ಕೇಳಿದುದೇ ತಪ್ಪೆಂಬುದನ್ನು ಸಾಧಿಸಲಿಲ್ಲ. ಆದರೂ ಕೇಳುವವರ ಚಿತ್ತದಲ್ಲಿ ಪವಾಡಕ್ಕಿಂತ ಆ ಮೊದಲ ನಿರಾಕರಣೆಯೇ ದೃಢವಾಗಿ ನಿಲ್ಲುವುದರಿಂದ, ಈ ಸಾಲನ್ನು ಭಕ್ತಿಕಥೆಯೆಂದಷ್ಟೇ ಅಲ್ಲದೆ ದಾಂಪತ್ಯಕಾವ್ಯವೆಂದೂ ಸಹೃದಯರು ಪರಿಶೀಲಿಸುವುದು ಉಚಿತ.