ಮನೆ ಹೊತ್ತು ನಡೆದವರ ಪ್ರವಾಸಕಥನ

ಬಸವನಹುಳು ತನ್ನ ಮನೆಯನ್ನು ಬೆನ್ನ ಮೇಲೆ ಹೊತ್ತು ತಿರುಗುತ್ತದೆ. ಅದು ಪ್ರವಾಸಕಥನ ಬರೆದರೆ ಹೇಗಿದ್ದೀತು ಎಂಬ ಕುತೂಹಲವುಳ್ಳವರು, ಸ್ಕಾಟ್ಲೆಂಡಿನ ಕರಾವಳಿಯನ್ನು ಮೋಟಾರ್‌ಹೋಮ್ ಎಂಬ ಗಾಲಿಮನೆಯಲ್ಲಿ ಸುತ್ತಿಬಂದ ದಂಪತಿಗಳ ಬರಹಗಳನ್ನು ಓದಬಹುದು. ಇನ್ವರ್ನೆಸ್ ಪಟ್ಟಣದಿಂದ ಹೊರಟು ಉತ್ತರದ ಕಡಲಂಚನ್ನು ಬಳಸಿ ಅಲ್ಲಿಗೇ ಮರಳುವ ಸುಮಾರು 516 ಮೈಲಿಗಳ ದಾರಿಗೆ 2015ರಲ್ಲಿ 'ನಾರ್ತ್ ಕೋಸ್ಟ್ 500' ಎಂದು ಹೆಸರಿಟ್ಟು ಪ್ರಚಾರಕ್ಕೆ ತಂದ ಮೇಲಂತೂ ಇಂಥ ಬರಹಗಳಿಗೆ ಸುಗ್ಗಿಯೇ ಸರಿ.

ಈ ಬರಹಗಳಿಗೆ ತಮ್ಮದೇ ಸೊಗಸಿದೆ ಎಂಬುದನ್ನು ಮೊದಲು ಒಪ್ಪಬೇಕು. ಗಂಡ ಚಕ್ರ ಹಿಡಿದಿರುತ್ತಾನೆ, ಹೆಂಡತಿ ನಕ್ಷೆ ಹಿಡಿದಿರುತ್ತಾಳೆ; ಕೆಲವೊಮ್ಮೆ ಇದು ತಿರುಗುಮುರುಗು. ಒಂದೇ ಗಾಡಿ ಹಿಡಿಸುವ ರಸ್ತೆಯಲ್ಲಿ ಎದುರು ವಾಹನ ಬಂದಾಗ ಯಾರು ಹಿಂದೆ ಸರಿಯಬೇಕೆಂಬ ಚರ್ಚೆ, 626 ಮೀಟರ್ ಎತ್ತರಕ್ಕೆ ಏರುವ ಬ್ಯಾಲಕ್ ನ ಬಾ ಕಣಿವೆದಾರಿಯ ತಿರುವುಗಳ ಭಯ, ಹೊರಗೆ ಮಳೆ ಹೊಯ್ಯುತ್ತಿರುವಾಗ ಒಳಗಿನ ಪುಟ್ಟ ಒಲೆಯ ಮೇಲೆ ಕುದಿಯುವ ಚಹಾ. ಬಾಳಿನ ಹೊರೆ ಇಳಿಸಿದ ಇಬ್ಬರು ಒಬ್ಬರಿಗೊಬ್ಬರು ಮತ್ತೆ ಸಂಗಾತಿಗಳಾಗುವ ಈ ಚಿತ್ರವನ್ನು ಹಳಿಯುವ ಅರಸಿಕತನ ಯಾರಿಗೂ ಬೇಡ.

ಆದರೆ ನಾಲ್ಕಾರು ಬರಹಗಳನ್ನು ಓದಿ ಮುಗಿಸುವ ಹೊತ್ತಿಗೆ ಒಂದು ಕೊರತೆ ಎದ್ದು ಕಾಣುತ್ತದೆ. ಅವುಗಳಲ್ಲಿ ಮೂರನೆಯವರು ಮಾತನಾಡುವುದೇ ಅಪರೂಪ. ಕಾರಣ ಸರಳ: ಮನೆಯನ್ನೇ ಜೊತೆಗೊಯ್ದವರು ಇನ್ನೊಬ್ಬರ ಬಾಗಿಲು ತಟ್ಟಬೇಕಾಗಿಲ್ಲ. ಅನ್ನ, ಹಾಸಿಗೆ, ದೀಪಗಳಿಗಾಗಿ ಯಾರ ಹಂಗೂ ಇಲ್ಲದವನು ಅತಿಥಿಯಾಗುವುದಿಲ್ಲ; ಪ್ರವಾಸ ಸಾಹಿತ್ಯವಾದರೋ ಬಹುಮಟ್ಟಿಗೆ ಅತಿಥಿಗಳು ಕಟ್ಟಿದ ಸಾಹಿತ್ಯ.

ಇದೇ ನಾಡಿನ ಹಳೆಯ ಕಥನಗಳನ್ನು ನೋಡಿ. 1773ರಲ್ಲಿ ಡಾಕ್ಟರ್ ಜಾನ್ಸನ್ ಮತ್ತು ಬಾಸ್ವೆಲ್ ಇನ್ವರ್ನೆಸ್‌ವರೆಗೆ ಬಂಡಿಯಲ್ಲಿ ಬಂದರು. ಮುಂದೆ ಬಂಡಿಯ ದಾರಿಯಿರಲಿಲ್ಲ, ಕುದುರೆಯೇರಿದರು. ಸ್ಕೈ ದ್ವೀಪದತ್ತ ಸಾಗುವಾಗ ಒಂದು ರಾತ್ರಿ ಅವರು ತಂಗಿದ್ದು ಹುಲ್ಲುಹೆಂಟೆಯಿಂದ ಕಟ್ಟಿದ ಮನೆಯಲ್ಲಿ. ಅದರ ಯಜಮಾನ ತನ್ನ ಜಮೀನಿನ ಗೇಣಿ 25 ವರ್ಷಗಳಲ್ಲಿ 5 ಪೌಂಡುಗಳಿಂದ 20 ಪೌಂಡುಗಳಿಗೆ ಏರಿದ್ದನ್ನೂ, ಆ ಕಣಿವೆಯಿಂದ ಎಷ್ಟೋ ಮಂದಿ ಅಮೆರಿಕಕ್ಕೆ ಹೋದುದನ್ನೂ, ತಾನೂ ಹೊರಡಲಿರುವುದನ್ನೂ ಹೇಳಿದ. ಜಾನ್ಸನ್ನನ ಗ್ರಂಥ 1775ರಲ್ಲಿ, ಬಾಸ್ವೆಲ್ಲನದು 1785ರಲ್ಲಿ ಹೊರಬಂದವು. ಇಂದಿಗೂ ಅವು ಬದುಕಿರುವುದು ಇಂಥ ಮಾತುಗಳಿಂದ. ಹಾಸಿಗೆ ಕೇಳಿದವರಿಗೆ ಒಂದು ನಾಡಿನ ಸಂಕಟವೂ ಸಿಕ್ಕಿತು.

ದಂಪತಿಗಳೇ ಬರೆದ ಕೃತಿ ಬೇಕೆಂದರೆ ಅದೂ ಇದೆ. ಎಲಿಜಬೆತ್ ಮತ್ತು ಜೋಸೆಫ್ ಪೆನೆಲ್ ಎಂಬ ಅಮೆರಿಕನ್ ದಂಪತಿಗಳು ಜಾನ್ಸನ್ನನ ಜಾಡು ಹಿಡಿದು, ಬಹುಪಾಲು ಕಾಲುನಡಿಗೆಯಲ್ಲಿ ಸುತ್ತಿ, 1889ರಲ್ಲಿ 'ಅವರ್ ಜರ್ನಿ ಟು ದಿ ಹೆಬ್ರಿಡೀಸ್' ಪ್ರಕಟಿಸಿದರು. ಬರಹ ಆಕೆಯದು, ಚಿತ್ರ ಆತನದು. ಅದರಲ್ಲಿ ಗೊಣಗಾಟ ಹೆಚ್ಚು, ಮಳೆಯನ್ನು ಬೈದದ್ದು ಇನ್ನೂ ಹೆಚ್ಚು. ಆದರೆ ಬಡ ಗೇಣಿದಾರರ ಗುಡಿಸಲುಗಳನ್ನೂ ಜಮೀನ್ದಾರರ ಬೇಟೆಗಾಡುಗಳನ್ನೂ ಅಕ್ಕಪಕ್ಕದಲ್ಲಿಟ್ಟು ನೋಡುವ ಕಣ್ಣು ಅವರಿಗಿತ್ತು. ರಮಣೀಯ ಸ್ಕಾಟ್ಲೆಂಡನ್ನು ಬಯಸಿದವರು ಅವರ ಮೇಲೆ ಸಿಟ್ಟಾದದ್ದು ಆ ಕಣ್ಣಿಗಾಗಿಯೇ.

ಇಂದಿನ ಬರಹಗಳು ಮೇಲಿಂದ ಮೇಲೆ ಬಳಸುವ ವರ್ಣನೆಯೊಂದಿದೆ: ಮನುಷ್ಯರ ಸುಳಿವಿಲ್ಲದ, ಮುಟ್ಟದ ಪ್ರಕೃತಿ. ಇಲ್ಲಿ ಕೊರತೆ ದೋಷವಾಗಿ ಬೆಳೆಯುತ್ತದೆ. ಆ ನಿರ್ಜನತೆ ಪ್ರಕೃತಿ ಕೊಟ್ಟದ್ದಷ್ಟೇ ಅಲ್ಲ, ಮನುಷ್ಯರು ಮಾಡಿದ್ದು. ಸದರ್‌ಲೆಂಡಿನ ಸ್ಟ್ರಾತ್‌ನೇವರ್ ಕಣಿವೆಯಿಂದ 1814 ಮತ್ತು 1819ರಲ್ಲಿ ಒಕ್ಕಲುಗಳನ್ನು ಎಬ್ಬಿಸಿ, ಕುರಿಗಳಿಗೆ ಜಾಗ ಮಾಡಿ, ಜನರನ್ನು ಕಡಲಂಚಿಗೆ ತಳ್ಳಲಾಯಿತು. ಅದೇ ದಾರಿಯ ಪೂರ್ವ ಕರಾವಳಿಯಲ್ಲಿ ಬ್ಯಾಡ್‌ಬೇ ಎಂಬ ಹಾಳೂರಿದೆ. ಹೀಗೆಯೇ ಒಕ್ಕಲೆದ್ದವರು ಕಡಿದಾದ ಬಂಡೆಯ ನೆತ್ತಿಯಲ್ಲಿ ನೆಲೆಸಿದರು. ಗಾಳಿಗೆ ಕಡಲಿಗೆ ಬೀಳದಂತೆ ದನಗಳನ್ನೂ ಮಕ್ಕಳನ್ನೂ ಹಗ್ಗದಿಂದ ಕಟ್ಟುತ್ತಿದ್ದರೆಂದು ಪ್ರತೀತಿ. ನ್ಯೂಜಿಲೆಂಡಿಗೆ ವಲಸೆ ಹೋದವನೊಬ್ಬನ ಮಗ 1911ರಲ್ಲಿ ನಿಲ್ಲಿಸಿದ ಸ್ಮಾರಕ ಇಂದೂ ಅಲ್ಲಿದೆ. ಗಾಡಿ ನಿಲ್ಲಿಸಿ ಸ್ವಲ್ಪ ನಡೆದರೆ ಕಾಣುತ್ತದೆ. ನಡೆಯದವರ ಪುಟದಲ್ಲಿ ಅದು ಬರಿಯ 'ಸುಂದರ ದೃಶ್ಯ'.

ಕನ್ನಡಿಗರಿಗೆ ಈ ಕರಾವಳಿ ಪೂರಾ ಪರಕೀಯವೇನಲ್ಲ. ಇದೇ ದಾರಿಯ ಉಲ್ಲಾಪೂಲಿನಿಂದ ಹಡಗು ಹತ್ತಿದರೆ ಲೂಯಿಸ್ ದ್ವೀಪದ ಸ್ಟೋರ್ನೊವೆ ಸಿಗುತ್ತದೆ. ಟಿಪ್ಪು ಮಡಿದ ಮೇಲೆ ಮೈಸೂರು ಸೀಮೆಯನ್ನು ಅಳೆದ ಕಾಲಿನ್ ಮೆಕೆಂಜಿಯ ಹುಟ್ಟೂರು ಅದು. ಆತ ಬಂದದ್ದು ಕಂಪೆನಿಯ ಸೇವೆಗಾಗಿ, ನಮ್ಮ ಉದ್ಧಾರಕ್ಕಲ್ಲ. ಆದರೂ ಮಲೆಯೂರಿನ ಧರ್ಮಯ್ಯನಂಥ ಪಂಡಿತರನ್ನು ಜೊತೆಗಿಟ್ಟುಕೊಂಡು ಶಾಸನಗಳನ್ನು ಓದಿಸಿದ, ಊರೂರಿನವರ ಬಾಯಿಂದ ಅವರ ಊರಿನ ಕಥೆ ಹೇಳಿಸಿ ಬರೆಸಿಕೊಂಡ. ಆ ಕೈಫಿಯತ್ತುಗಳು ಇಂದು ನಮ್ಮ ಇತಿಹಾಸಕ್ಕೆ ಆಧಾರ. ನೆಲವನ್ನು ಅಳೆಯಲು ಬಂದವನಿಗೂ ಕೇಳುವ ಅಗತ್ಯ ತೋರಿತು. ನೋಡಲು ಹೋದವರಿಗೆ ತೋರಬಾರದೆ?

ದೋಷ ವಾಹನದ್ದಲ್ಲ. ಗಾಲಿಮನೆಯ ಬಾಗಿಲು ಒಳಗಿನಿಂದಲೇ ತೆರೆಯುತ್ತದೆ. ಅಂಗಡಿಯವನೊಡನೆ ನಾಲ್ಕು ಮಾತು, ಈ ದಟ್ಟಣೆಯಿಂದ ತಮ್ಮ ಕಿರಿದಾದ ರಸ್ತೆಗೆ ಏನಾಯಿತೆಂದು ಊರವರಿಗೊಂದು ಪ್ರಶ್ನೆ, ಹಾಳುಗೋಡೆಯ ಮುಂದೆ ಅರ್ಧ ಗಂಟೆ: ಇಷ್ಟಿದ್ದರೆ ದಿನಚರಿ ಸಾಹಿತ್ಯದ ಹೊಸ್ತಿಲಿಗೆ ಬರುತ್ತದೆ. ಇಲ್ಲವಾದರೆ ಮನೆ ಜಂಗಮವಾಯಿತು, ಮನಸ್ಸು ಸ್ಥಾವರವಾಗಿಯೇ ಉಳಿಯಿತು ಎನ್ನಬೇಕಾಗುತ್ತದೆ.